ಗುಂಟೆ, ಆಣೆ ಮತ್ತು ಜಿಪಿಎಸ್

ನಮ್ಮೂರು ಸಮೀರವಾಡಿಯ ಹತ್ತಿರ. ಬಾಗಲಕೋಟೆ ಕಡೆಯವರಿಗೆ 'ಸಕ್ಕರೆ ಕಾರ್ಖಾನೆ' ಅಂದ್ರೆ ಸಾಕು, ಗೊತ್ತಾಗುತ್ತೆ. ಬೆಂಗಳೂರಿನ ಗೆಳೆಯರಿಗೆ ಮಾತ್ರ 'ಮುಧೋಳ ನಾಯಿ ಕೇಳಿದ್ದೀರಲ್ಲ, ಅದೇ ಮುಧೋಳದ ಹತ್ತಿರ' ಅಂತ ಹೇಳಬೇಕು :-)

ಹೋದ ಚಳಿಗಾಲದಲ್ಲಿ ಊರಿಗೆ ಹೋದಾಗ ಕಬ್ಬು ಕಡಿದು ಹೊಲ ಬಯಲಾಗಿತ್ತು. ಸುಮ್ಮನೆ ಬದುವಿನ ಮೇಲೆ ನಿಂತು ಫೋನ್ ತೆಗೆದೆ. ಉಪಗ್ರಹ ಚಿತ್ರದ ಮೇಲೆ ಗ್ರಾಮ ನಕ್ಷೆ ಕೂರಿಸಿ, ನಾವು ಯಾವ ಸರ್ವೆ ನಂಬರಿನಲ್ಲಿ ನಿಂತಿದ್ದೇವೆ ಅಂತ ತೋರಿಸುವ ಆ್ಯಪ್ ಒಂದಿತ್ತು. ನೋಡಿದರೆ ನೀಲಿ ಚುಕ್ಕೆ ಬದುವಿನ ಮೇಲಿದೆ, ಗಡಿ ಗೆರೆ ಮಾತ್ರ ಪಕ್ಕದವರ ಹೊಲದೊಳಗಿದೆ! ಹೆಜ್ಜೆ ಹಾಕಿ ಅಳೆದೆ. ಸುಮಾರು 18 ಅಡಿ.

ಎಂಜಿನಿಯರ್ ತಲೆ ಸುಮ್ಮನಿರುತ್ತಾ? ಬದುವಿನ ಉದ್ದ ಹತ್ತಿರ ಹತ್ತಿರ 660 ಅಡಿ. 660 ಗುಣಿಸು 18 ಅಂದ್ರೆ 11,880 ಚದರ ಅಡಿ, ಅಂದ್ರೆ ಸುಮಾರು 11 ಗುಂಟೆ. ಎಕರೆಗೆ 40 ಟನ್ ಕಬ್ಬು ಅಂತ ಹಿಡಿದರೆ ಗುಂಟೆಗೆ ಒಂದು ಟನ್. ವರ್ಷಕ್ಕೆ 11 ಟನ್ ಕಬ್ಬು ಪಕ್ಕದವರ ಪಾಲಾಗುತ್ತಿದೆ ಅಂತ ಅಪ್ಪನ ಮುಂದೆ ಲೆಕ್ಕ ಒಪ್ಪಿಸಿದೆ. ಸಂಜೆ ಹೊತ್ತಿಗೆ ಸುದ್ದಿ ಕಾಕಾನ ಕಿವಿಗೆ ಬಿತ್ತು. 'ನಾಳೆ ಮುಂಜಾನೆ ಕಲ್ಲ ಕಿತ್ತ ಮುಂದ ಹಾಕೋಣು' ಅಂತ ಅವನು ರೆಡಿ. ಮೂರು ತಲೆಮಾರಿನಿಂದ ಮದುವೆ ಮುಂಜಿಗೆ ಬಂದು ಹೋಗುವ ಮನೆಯವರು ಅವರು. ಅಪ್ಪನಿಗೆ ಮನಸ್ಸಾಗಲಿಲ್ಲ. ಊರಲ್ಲಿದ್ದ ಒಬ್ಬ ನಿವೃತ್ತ ಮೋಜಣಿದಾರರನ್ನು ಕರೆಸಿದರು.

ಅವರು ನನ್ನ ಫೋನನ್ನು ಕನ್ನಡಕ ಏರಿಸಿ ನೋಡಿ, ಒಂದೇ ಮಾತು ಕೇಳಿದರು: 'ಟಿಪ್ಪಣಿ ನೋಡೀಯೇನು ತಮ್ಮಾ?'

ನಾನು ನೋಡಿರಲಿಲ್ಲ. ಟಿಪ್ಪಣಿ ಅಂದ್ರೆ ಏನು ಅಂತಲೂ ಗೊತ್ತಿರಲಿಲ್ಲ. ಆಮೇಲೆ ಬೆಂಗಳೂರಿಗೆ ಬಂದು ಎರಡು ತಿಂಗಳು ಓದಿದ್ದರ ಸಾರ ಇದು. ಹಳ್ಳಿಯಲ್ಲಿ ಹೊಲ ಇರುವ, ಕೈಯಲ್ಲಿ ಫೋನ್ ಇರುವ ಎಲ್ಲರಿಗೂ ಉಪಯೋಗ ಆಗಬಹುದು ಅಂತ ಬರೀತಿದೀನಿ.

33 ಅಡಿಯ ಸರಪಳಿ

ಗುಂಟೆ ಅಂದ್ರೆ 1,089 ಚದರ ಅಡಿ. ಈ ವಿಚಿತ್ರ ಸಂಖ್ಯೆ ಎಲ್ಲಿಂದ ಬಂತು? 33 ಗುಣಿಸು 33. ಬಾಂಬೆ ಪ್ರೆಸಿಡೆನ್ಸಿಯ ಸರ್ವೆಯವರು ಹೊಲ ಅಳೆದ ಸರಪಳಿ 33 ಅಡಿ ಉದ್ದ. ಇಂಗ್ಲೆಂಡಿನ ಎಡ್ಮಂಡ್ ಗಂಟರ್ 1620ರಲ್ಲಿ ಬಳಕೆಗೆ ತಂದ 66 ಅಡಿ ಸರಪಳಿಯ ಸರಿಯಾಗಿ ಅರ್ಧ. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲ ಇದ್ದರೆ ಒಂದು ಗುಂಟೆ. 40 ಗುಂಟೆಗೆ ಎಕರೆ. ಇನ್ನೂ ಚೆಂದದ ವಿಷಯ ಅಂದ್ರೆ ಆ ಸರಪಳಿಯನ್ನು 16 ಭಾಗ ಮಾಡಿ ಒಂದೊಂದಕ್ಕೆ 'ಆಣೆ' ಅಂತ ಕರೆದರು. ರೂಪಾಯಿಗೆ 16 ಆಣೆ ಅಂತ ಲೆಕ್ಕ ಹಾಕುವ ಜನಕ್ಕೆ ಹೊಸ ಗಣಿತ ಕಲಿಸುವ ಕೆಲಸವೇ ಇಲ್ಲ! ನಾಣ್ಯದ ಆಣೆ 1957ರಲ್ಲಿ ದಶಮಾಂಶ ಪದ್ಧತಿ ಬಂದಾಗ ಹೋಯಿತು. ಉತಾರದಲ್ಲಿ ಮಾತ್ರ ಎಕರೆ, ಗುಂಟೆ, ಆಣೆ ಇವತ್ತಿಗೂ ಇದೆ.

ಈ ಸರ್ವೆ ಹುಟ್ಟಿದ್ದು ಒಂದು ಸೋಲಿನಿಂದ. 1820ರ ದಶಕದ ಕೊನೆಗೆ ಪ್ರಿಂಗಲ್ ಎಂಬ ಅಧಿಕಾರಿ ದಖ್ಖನ್‌ನಲ್ಲಿ ಪ್ರತಿ ಹೊಲದ ನಿವ್ವಳ ಉತ್ಪನ್ನ ಲೆಕ್ಕ ಹಾಕಿ ಕಂದಾಯ ಕಟ್ಟಲು ಹೊರಟಿದ್ದ. ಲೆಕ್ಕ ಕೆಟ್ಟು ಕಂದಾಯ ಹೊರೆಯಾಯಿತು, ರೈತರು ಹೊಲ ಬಿಟ್ಟು ಹೋದರು. ಅದನ್ನು ಸರಿಪಡಿಸಲು 1835ರಲ್ಲಿ ಪುಣೆ ಜಿಲ್ಲೆಯ ಇಂದಾಪುರದಲ್ಲಿ ಗೋಲ್ಡ್‌ಸ್ಮಿಡ್ ಮತ್ತು ವಿಂಗೇಟ್ ಹೊಸದಾಗಿ ಅಳತೆ ಶುರು ಮಾಡಿದರು. 1847ರಲ್ಲಿ ಇವರಿಬ್ಬರೂ ಡೇವಿಡ್ಸನ್ ಜೊತೆ ಸೇರಿ ಬರೆದ ಜಂಟಿ ವರದಿ ಮುಂದೆ ಇಡೀ ಪದ್ಧತಿಗೆ ತಳಹದಿ ಆಯಿತು. ಇದೇ ಪದ್ಧತಿ ಧಾರವಾಡ, ಬೆಳಗಾವಿ, ಕಲಾದಗಿ ಜಿಲ್ಲೆಗಳಿಗೂ ಬಂತು.

ನಮ್ಮ ಕಡೆ ಇನ್ನೊಂದು ತೊಡಕಿದೆ. ಆಗ ಬೀಳಗಿ ಬ್ರಿಟಿಷರದ್ದು, ಮುಧೋಳ ಘೋರ್ಪಡೆ ಸಂಸ್ಥಾನ, ಜಮಖಂಡಿ ಪಟವರ್ಧನ ಸಂಸ್ಥಾನ, ತೇರದಾಳ ಸಾಂಗ್ಲಿಯವರದ್ದು. ಒಂದು ದಿನ ಸೈಕಲ್ ತುಳಿದರೆ ನಾಲ್ಕು ಸರ್ಕಾರ ದಾಟಬಹುದಿತ್ತು. ಸಂಸ್ಥಾನಗಳು 1948ರಲ್ಲಿ ಬಾಂಬೆ ರಾಜ್ಯಕ್ಕೆ ಸೇರಿದವು, 1956ರಲ್ಲಿ ಎಲ್ಲ ಮೈಸೂರು ರಾಜ್ಯಕ್ಕೆ ಬಂತು, 1997ರಲ್ಲಿ ಬಾಗಲಕೋಟೆ ಜಿಲ್ಲೆ ಆಯಿತು. ಹೀಗಾಗಿ ಅಕ್ಕಪಕ್ಕದ ಊರುಗಳ ಹಳೇ ದಫ್ತರಗಳು ಒಂದೇ ಮನೆಯಿಂದ ಬಂದವಲ್ಲ.

ಟಿಪ್ಪಣಿಯೇ ಬೇರೆ, ನಕ್ಷೆಯೇ ಬೇರೆ

ಅಳೆಯುವ ರೀತಿ ಬಹಳ ಸರಳ. ಹೊಲದ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ನೇರವಾಗಿ ಸರಪಳಿ ಎಳೆಯುವುದು. ಆ ಗೆರೆಯಿಂದ ಎಡಕ್ಕೆ ಬಲಕ್ಕೆ ಲಂಬವಾಗಿ ಪ್ರತಿ ಗಡಿ ಕಲ್ಲು ಎಷ್ಟು ಸರಪಳಿ, ಎಷ್ಟು ಆಣೆ ದೂರ ಅಂತ ಬರೆಯುವುದು. ಲಂಬ ಹಿಡಿಯಲು ಕ್ರಾಸ್ ಸ್ಟಾಫ್ ಎಂಬ ಮರದ ಕೋಲು. ಹೀಗೆ ಒಂದೊಂದು ಸರ್ವೆ ನಂಬರಿಗೂ ಬರೆದ ಕೈನಕ್ಷೆಯೇ ಟಿಪ್ಪಣಿ. ಅದರಲ್ಲಿ ಅಕ್ಷಾಂಶ ರೇಖಾಂಶ ಏನೂ ಇಲ್ಲ. 'ಈ ಕಲ್ಲಿನಿಂದ ಆ ಕಲ್ಲಿಗೆ ಇಷ್ಟು' ಅಷ್ಟೇ. ಲ್ಯಾಂಬ್ಟನ್ 1802ರಲ್ಲಿ ಮದ್ರಾಸಿನಲ್ಲಿ ಶುರು ಮಾಡಿದ ಮಹಾ ತ್ರಿಕೋನಮಿತಿ ಸರ್ವೆ ಬೆಟ್ಟಗಳ ತುದಿಗೆ ಅಕ್ಷಾಂಶ ರೇಖಾಂಶ ಕೊಡುತ್ತಿದ್ದ ಕಾಲ ಅದು. ನಮ್ಮ ಹೊಲ ಅಳೆದವನಿಗೆ ಆ ಬೆಟ್ಟದ ಗೊಡವೆಯೇ ಬೇಕಿರಲಿಲ್ಲ. ಅವನು ಅಳೆದದ್ದು ಕಂದಾಯಕ್ಕೆ. ಮಳೆ ನಂಬಿದ ಜೋಳದ ಹೊಲದಲ್ಲಿ ಒಂದಡಿ ಆಚೀಚೆ ಆದರೆ ಯಾರಿಗೂ ನಷ್ಟವಿಲ್ಲ. ಕಾಲುವೆ, ಪಂಪ್‌ಸೆಟ್ಟು, ಕಬ್ಬು, ಕಾರ್ಖಾನೆ ಬಂದ ಮೇಲೆ ಅದೇ ಒಂದಡಿಗೆ ಬೆಲೆ ಬಂತು.

ಗ್ರಾಮ ನಕ್ಷೆ ಅಂದ್ರೆ ಈ ಟಿಪ್ಪಣಿಗಳನ್ನೆಲ್ಲ ಜೋಡಿಸಿ ಬರೆದದ್ದು. ಅಳತೆ ಒಂದು ಮೈಲಿಗೆ 8 ಇಂಚು, ಅಂದ್ರೆ ಇಂಚಿಗೆ 20 ಸರಪಳಿ. ಈಗ ಲೆಕ್ಕ ಹಾಕಿ: ಇದು 1ಕ್ಕೆ 7,920ರ ನಕ್ಷೆ. ಕಾಗದದ ಮೇಲೆ ಅರ್ಧ ಮಿಲಿಮೀಟರ್ ದಪ್ಪದ ಗೆರೆ ನೆಲದ ಮೇಲೆ ಸುಮಾರು 4 ಮೀಟರ್! ಗೆರೆಯ ಆ ಅಂಚೋ ಈ ಅಂಚೋ ಅನ್ನೋದರಲ್ಲೇ 13 ಅಡಿ ಹೋಯಿತು. ಆ ಕಾಗದ ನೂರು ವರ್ಷ ಮಡಚಿ, ಸುಕ್ಕಾಗಿ, ಸ್ಕ್ಯಾನ್ ಆಗಿ, ರಸ್ತೆ ಹಳ್ಳಗಳ ಗುರುತು ಹಿಡಿದು ಉಪಗ್ರಹ ಚಿತ್ರದ ಮೇಲೆ ಎಳೆದು ಕೂರಿಸಲ್ಪಟ್ಟಿದೆ. ನನ್ನ 18 ಅಡಿ ಆ ನಕ್ಷೆಯಲ್ಲಿ ಮುಕ್ಕಾಲು ಮಿಲಿಮೀಟರ್ ಕೂಡ ಅಲ್ಲ.

ಇನ್ನು ಫೋನಿನ ಜಿಪಿಎಸ್. 2000ದ ಮೇ 2ರವರೆಗೆ ಅಮೆರಿಕ ಬೇಕಂತಲೇ ಸಾರ್ವಜನಿಕ ಸಂಕೇತವನ್ನು ಕೆಡಿಸಿ ಕೊಡುತ್ತಿತ್ತು, ಆಗ ತಪ್ಪು ನೂರು ಮೀಟರ್‌ವರೆಗೂ ಇರುತ್ತಿತ್ತು. ಈಗ ಬಯಲಿನಲ್ಲಿ ಫೋನಿನ ತಪ್ಪು 5 ಮೀಟರ್ ಆಸುಪಾಸು. ಅಂದ್ರೆ 16 ಅಡಿ. ಚುಕ್ಕೆಯೂ ಅಲುಗಾಡುತ್ತೆ, ಗೆರೆಯೂ ಅಲುಗಾಡುತ್ತೆ. ಇವೆರಡರ ನಡುವಿನ ಅಂತರ ಹಿಡಿದು ನಾನು 11 ಟನ್ ಕಬ್ಬಿನ ಲೆಕ್ಕ ಹಾಕಿದ್ದೆ...

ಮೋಜಣಿದಾರರು ಕಲಿಸಿದ್ದು

ಆ ಹಿರಿಯರು ನನಗೆ ಇದ್ಯಾವುದನ್ನೂ ವಿವರಿಸಲಿಲ್ಲ. 'ಬಾ ಇಲ್ಲಿ' ಅಂತ ಹೊಲದ ಇನ್ನೊಂದು ತುದಿಗೆ ಕರೆದುಕೊಂಡು ಹೋಗಿ, 'ಈಗ ನೋಡು ನಿನ್ ಫೋನಿನ್ಯಾಗ' ಅಂದರು. ನೋಡಿದೆ. ಆ ಕಡೆಯ ಗೆರೆ ನಮ್ಮ ಹೊಲದೊಳಗೇ ಬಂದಿತ್ತು, ಅಷ್ಟೇ ದೂರ! ಅದರಾಚೆಯ ಹೊಲದ್ದೂ ಹಾಗೇ. ಇಡೀ ನಕ್ಷೆಯೇ ಒಂದು ದಿಕ್ಕಿಗೆ ಸರಿದು ಕೂತಿತ್ತು. ಒಂದು ಕಡೆ ನಮಗೆ 11 ಗುಂಟೆ ಬಂದರೆ ಇನ್ನೊಂದು ಕಡೆ ಅಷ್ಟೇ ಹೋಗಬೇಕು. ದಿನವಿಡೀ ಬೇರೆಯವರ ಕೋಡಿನಲ್ಲಿ ತಪ್ಪು ಹುಡುಕುವವನು ನಾನು. ಲಾಭ ಕಾಣುವ ಬದು ಮಾತ್ರ ನೋಡಿ, ಇನ್ನೊಂದು ಬದುವಿಗೆ ಹೋಗಿಯೇ ಇರಲಿಲ್ಲ.

ಕೊನೆಗೆ ಎರಡೂ ಮನೆಯವರು ಸೇರಿ ಹದ್ದುಬಸ್ತಿಗೆ ಅರ್ಜಿ ಹಾಕಿದೆವು. ನೋಟಿಸು ಅಕ್ಕಪಕ್ಕದ ಎಲ್ಲರಿಗೂ ಹೋಗುತ್ತೆ, ಎಲ್ಲರೂ ಎದುರಿಗಿರಬೇಕು. ಅಳತೆ ಶುರುವಾದದ್ದು ನಮ್ಮ ಹೊಲದಿಂದಲ್ಲ. ಎಲ್ಲರೂ ಒಪ್ಪುವ ಹಳೇ ಗಡಿ ಕಲ್ಲೊಂದನ್ನು ಹುಡುಕಿ, ಅಲ್ಲಿಂದ ಟಿಪ್ಪಣಿ ಪ್ರಕಾರ ಹೆಜ್ಜೆ ಹೆಜ್ಜೆಯಾಗಿ ನಮ್ಮ ಬದುವಿಗೆ ಬಂದರು. ಎರೆಮಣ್ಣಿನಲ್ಲಿ ಒಂದು ಕಲ್ಲು ಮೊಣಕಾಲುದ್ದ ಹೂತು ಹೋಗಿತ್ತು. ಬದು ಒಂದು ತುದಿಯಲ್ಲಿ ಸರಿಯಾಗಿತ್ತು, ಇನ್ನೊಂದು ತುದಿಯಲ್ಲಿ ಒಂದೂವರೆ ಆಣೆ, ಅಂದ್ರೆ ಮೂರಡಿ, ಪಕ್ಕದವರ ಕಡೆಯಿಂದ ನಮ್ಮ ಕಡೆಗೆ ಬಂದಿತ್ತು. ಟ್ರ್ಯಾಕ್ಟರ್ ತಿರುಗುವ ಜಾಗ ಅದು. ಅವರೇ 'ಕಲ್ಲ ಹಾಕ್ರಿ' ಅಂದರು. ಕಾಕಾ ಸುಮ್ಮನೆ ಚಹಾ ಕುಡಿದ.

ಈಗ ಸರ್ವೆಯವರ ಕೈಗೆ ರೋವರ್ ಬರುತ್ತಿದೆ, ನೆಲದ ಮೇಲಿನ ಸ್ಥಿರ ಕೇಂದ್ರಗಳ ಸಹಾಯದಿಂದ ಸೆಂಟಿಮೀಟರ್ ಲೆಕ್ಕದಲ್ಲಿ ಹೇಳುತ್ತೆ. ಒಳ್ಳೆಯದೇ. ಒಂದು ಸಲ ಸರಿಯಾದ ಕಲ್ಲಿನ ಅಕ್ಷಾಂಶ ರೇಖಾಂಶ ಬರೆದಿಟ್ಟರೆ, ಮುಂದೆ ಕಲ್ಲು ಹೂತರೂ, ಯಾರು ಕಿತ್ತರೂ, ಜಾಗ ಕಳೆಯುವುದಿಲ್ಲ. ಆದರೆ ರೋವರ್ ಹೇಳುವುದು ತಾನು ಎಲ್ಲಿ ನಿಂತಿದೆ ಅಂತ. ಕಲ್ಲು ಎಲ್ಲಿರಬೇಕು ಅಂತ ಹೇಳುವುದು ಟಿಪ್ಪಣಿ ಮತ್ತು ಎರಡೂ ಕಡೆ ನಿಂತ ಜನ. ಒತ್ತುವರಿಯಾದ ಬದುವನ್ನೇ ಸೆಂಟಿಮೀಟರ್ ಲೆಕ್ಕದಲ್ಲಿ ಬರೆದುಕೊಂಡರೆ ಆ ತಪ್ಪು ಇನ್ನು ನೂರು ವರ್ಷ ಅಲ್ಲಾಡುವುದಿಲ್ಲ.

ಆದ್ದರಿಂದ ಗೆಳೆಯರೇ, ಫೋನ್ ಹಿಡಿದು ಹೊಲಕ್ಕೆ ಹೋಗಿ, ತಪ್ಪೇನಿಲ್ಲ. ಆದರೆ ಎರಡೂ ಬದುವಿನ ಮೇಲೆ ನಿಂತು ನೋಡಿ. ಮನೆಯಲ್ಲಿ ಬಾಯಿ ಬಿಡುವ ಮೊದಲು ಟಿಪ್ಪಣಿ ನಕಲು ತೆಗೆಸಿ.

ಅಂದ ಹಾಗೆ, ದಕ್ಷಿಣ ಕನ್ನಡ, ಕಾಸರಗೋಡಿನ ಕಡೆ ಮದ್ರಾಸಿನವರ ಲೆಕ್ಕ, ಗುಂಟೆ ಬದಲು ಸೆಂಟ್ಸ್. ಅಲ್ಲಿ ಹಳೇ ಗಡಿ ಹುಡುಕುವುದು ಹೇಗೆ? ಗೊತ್ತಿರುವವರು ದಯವಿಟ್ಟು ಬರೆಯಿರಿ.