ವ್ಯಾಸ್ಕುಲೈಟಿಸ್ ಇದ್ದವರಿಗೆ ಮುಖ ಜೋಮು ಹಿಡಿದರೆ ಕಾರಣ ಏನಿರಬಹುದು? ಸ್ಟೀರಾಯ್ಡ್ ಹೆಚ್ಚು-ಕಮ್ಮಿ ಮಾಡೋ ಮುಂಚೆ ಓದಿ

ನವಲಗುಂದ, ಅಣ್ಣಿಗೇರಿ, ಕುಂದಗೋಳ, ಕಲಘಟಗಿ ಕಡೆ ಮುಖಕ್ಕೆ ಏನೇ ಆದರೂ ‘ಗಾಳಿ ಬಡದೈತಿ’, ‘ಲಕ್ವಾ ಹೊಡದೈತಿ’ ಅನ್ನೋದು ರೂಢಿ. ಆದರೆ ಮುಖ ಸೊಟ್ಟಗಾಗೋದು ಬೇರೆ, ಜೋಮು ಹಿಡಿಯೋದು ಬೇರೆ. ಮುಖದ ಸ್ನಾಯು ಆಡಿಸೋದು ತಲೆಯ ಏಳನೇ ನರ. ಹಣೆ, ಕೆನ್ನೆ, ತುಟಿಯ ಸ್ಪರ್ಶವನ್ನು ಮಿದುಳಿಗೆ ಮುಟ್ಟಿಸೋದು ಐದನೇ ನರ, ಹೆಸರು ಟ್ರೈಜೆಮಿನಲ್. ದಾಡಿ ಮಾಡುವಾಗ ಬ್ಲೇಡ್ ತಾಗಿ ರಕ್ತ ಬಂದರೂ ಗೊತ್ತಾಗಲಿಲ್ಲ ಅಂದರೆ ತೊಂದರೆ ಐದನೇ ನರದ್ದು.

ವ್ಯಾಸ್ಕುಲೈಟಿಸ್ ಎಂದರೆ ರಕ್ತನಾಳಗಳ ಉರಿಯೂತ. ಸೋಂಕಿನ ವಿರುದ್ಧ ಹೋರಾಡಬೇಕಾದ ರೋಗನಿರೋಧಕ ಶಕ್ತಿ ತನ್ನದೇ ರಕ್ತನಾಳಗಳ ಮೇಲೆ ತಿರುಗಿ ಬೀಳುತ್ತದೆ. ನರಕ್ಕೆ ರಕ್ತ ಕೊಡುವ ಸಣ್ಣ ನಾಳ ಕಟ್ಟಿಕೊಂಡರೆ ನರ ಸೊರಗುತ್ತದೆ. ಕೈಕಾಲಿನ ನರಗಳಿಗೆ ಹೀಗಾಗೋದು ಹೆಚ್ಚು, ಮುಖದಲ್ಲಿ ಅಪರೂಪ.

ಜಿಪಿಎ ಎಂಬ ಬಗೆಯಲ್ಲಿ (ಮೊದಲು ವೆಗೆನರ್ ಅನ್ನುತ್ತಿದ್ದರು) ಇನ್ನೊಂದು ದಾರಿ ಇದೆ. ಕಾಯಿಲೆ ಹೆಚ್ಚಾಗಿ ಮೂಗು, ಸೈನಸ್‌ನಿಂದ ಶುರುವಾಗುತ್ತದೆ. ಅಲ್ಲಿ ಬೆಳೆದ ಗಂಟು ಕೆನ್ನೆಯ ನರವನ್ನು ಒತ್ತಬಹುದು. ಮಿದುಳಿನ ಹೊದಿಕೆ ದಪ್ಪವಾಗಿ, ತಲೆಬುರುಡೆಯ ತಳದಲ್ಲೂ ನರ ಹಿಸುಕಬಹುದು. ತಿಂಗಳುಗಟ್ಟಲೆ ಮೂಗು ಕಟ್ಟೋದು, ರಕ್ತದ ಹಕ್ಕಳೆ ಬರೋದು, ಕಿವಿ ಮಂದವಾಗೋದನ್ನು ನೆಗಡಿ ಅಂತ ಬಿಡಬಾರದು.

ಎಡವಟ್ಟಾಗೋದು ಮುಂದಿನ ಕಾರಣದಲ್ಲಿ. ಈ ಕಾಯಿಲೆಗೆ ಕೊಡುವ ಸ್ಟೀರಾಯ್ಡ್, ಸೈಕ್ಲೊಫಾಸ್ಫಮೈಡ್, ರಿಟುಕ್ಸಿಮ್ಯಾಬ್ ಎಲ್ಲವೂ ರೋಗನಿರೋಧಕ ಶಕ್ತಿಯನ್ನು ತಗ್ಗಿಸುತ್ತವೆ. ಆಗ ಸೋಂಕೇ ಜೋಮು ತರಬಹುದು. ಸರ್ಪಸುತ್ತಿನಲ್ಲಿ ಗುಳ್ಳೆ ಏಳುವ ಕೆಲ ದಿನ ಮುಂಚೆಯೇ ಒಂದೇ ಪಕ್ಕ ಉರಿ, ಜೋಮು ಇರುತ್ತದೆ. ಮೂಗಿನ ತುದಿಗೆ ಗುಳ್ಳೆ ಬಂದರೆ ಕಣ್ಣಿಗೂ ಅಪಾಯ. 2021ರಲ್ಲಿ ಹುಬ್ಬಳ್ಳಿಯೂ ಕಂಡ ಬ್ಲ್ಯಾಕ್ ಫಂಗಸ್ ಇನ್ನೂ ಕೆಟ್ಟದ್ದು. ಸ್ಟೀರಾಯ್ಡ್‌ನಿಂದ ಶುಗರ್ ಏರಿದವರಿಗೆ ಅದರ ಭಯ ಹೆಚ್ಚು. ಕೆನ್ನೆ ಜೋಮು, ಕಣ್ಣಿನ ಸುತ್ತ ಬಾವು, ಮೂಗಿನಿಂದ ಕಪ್ಪು ಸ್ರಾವ ಅದರ ಗುರುತು.

ಕಾಯಿಲೆ ಕೆರಳಿದ್ದರೆ ವೈದ್ಯರು ಸ್ಟೀರಾಯ್ಡ್ ಏರಿಸಬೇಕಾಗುತ್ತದೆ. ಫಂಗಸ್ ಇದ್ದರೆ ಅದೇ ಸ್ಟೀರಾಯ್ಡ್ ಪ್ರಾಣಕ್ಕೆ ಸಂಚಕಾರ. ಹೊರಗಿಂದ ಎರಡೂ ಒಂದೇ ಥರ ಕಾಣಬಹುದು. ಹಳೇ ಚೀಟಿ ತೋರಿಸಿ ಮೆಡಿಕಲ್ ಶಾಪ್‌ನಿಂದ ಮಾತ್ರೆ ತಂದು ಒಂದಕ್ಕೆರಡು ನುಂಗೋದು ಇದಕ್ಕೇ ಬೇಡ. ಹೆದರಿ ಏಕಾಏಕಿ ನಿಲ್ಲಿಸೋದೂ ಬೇಡ. ಬಹಳ ದಿನ ತಗೊಂಡವರಿಗೆ ಬಿಪಿ ಕುಸಿದು ಜೀವಕ್ಕೇ ಕುತ್ತು ಬರಬಹುದು.

ವ್ಯಾಸ್ಕುಲೈಟಿಸ್‌ಗೆ ಸಂಬಂಧ ಇಲ್ಲದ ಕಾರಣಗಳೂ ಇವೆ. ಹಲ್ಲು ಕೀಳಿಸಿದ ನಂತರ ಗದ್ದ ಜೋಮಾಗಬಹುದು. ಕೆನ್ನೆ ಮೇಲಿನ ಬಣ್ಣಗೆಟ್ಟ ಮಚ್ಚೆಯಲ್ಲಷ್ಟೇ ಸ್ಪರ್ಶ ಇಲ್ಲದಿದ್ದರೆ ಕುಷ್ಠದ ಪರೀಕ್ಷೆ ಆಗಬೇಕು, ಅದರ ಔಷಧ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ.

ಜೋಮು ದಿಢೀರ್ ಬಂದು ಮಾತು ತೊದಲಿದರೆ, ಕೈಕಾಲು ಸೋತರೆ ಅದು ಪಾರ್ಶ್ವವಾಯು ಇರಬಹುದು. ತಡಮಾಡದೆ 108ಕ್ಕೆ ಕರೆ ಮಾಡಿ. ಹೆಪ್ಪು ಕರಗಿಸುವ ಇಂಜೆಕ್ಷನ್‌ಗೆ ಇರೋದು ನಾಲ್ಕೂವರೆ ತಾಸು ಮಾತ್ರ.

ಉಳಿದಂತೆ ಶುಗರ್, ಇಎಸ್‌ಆರ್, ಕ್ರಿಯಾಟಿನಿನ್, ಮೂತ್ರ ಪರೀಕ್ಷೆ ಮೊದಲು ಆಗಬೇಕು. ಮೂತ್ರ ಯಾಕೆ ಅಂದರೆ, ಇದೇ ಕಾಯಿಲೆ ಸದ್ದಿಲ್ಲದೆ ಕಿಡ್ನಿಗೂ ಇಳಿಯುತ್ತದೆ. ಆಂಕಾ ರಕ್ತ ಪರೀಕ್ಷೆ, ಎಂಆರ್‌ಐ ಬರೆದುಕೊಟ್ಟರೆ ಹುಬ್ಬಳ್ಳಿ-ಧಾರವಾಡದ ದೊಡ್ಡ ಆಸ್ಪತ್ರೆಗೆ ಹೋಗಬೇಕಾದೀತು. ಹೋಗುವಾಗ ಹಳೇ ಫೈಲ್ ಜೊತೆ ಈಗ ನುಂಗುತ್ತಿರುವ ಮಾತ್ರೆಗಳ ಪಟ್ಟಿಯನ್ನೂ ಒಯ್ಯಿರಿ.