ಇದು ಯಾವೂರಿನ ಸ್ಟೇಷನ್ನು?

ಜಾಲಹಳ್ಳಿಯ ನಮ್ಮ ಮನೆಯಲ್ಲಿ ರೇಡಿಯೊದ ಕಿವಿ ಹಿಂಡುವ ಅಧಿಕಾರ ಅಪ್ಪನದು. ಮೊದಲ ಪಾಳಿಗೆ ಹೊರಡುವವರೆಗೂ ವಿವಿಧ ಭಾರತಿ. ಅಪ್ಪ ಗೇಟು ದಾಟಿದ ಕೂಡಲೇ ಅಕ್ಕ ಖಾಸಗಿ ಎಫ್‌ಎಂ ಹಚ್ಚುತ್ತಿದ್ದಳು. ರಜೆಯ ದಿನ ಅದು ಅಪ್ಪನ ಕಿವಿಗೆ ಬಿದ್ದರೆ, "ಇದು ಯಾವೂರಿನ ಸ್ಟೇಷನ್ನಮ್ಮಾ?" ಎಂದು ಕೇಳುತ್ತಿದ್ದರು. ನಾನಾಗ ಆಗಷ್ಟೇ ಶಾಲೆಗೆ ಸೇರಿದ್ದೆ. ಈಗ ರೇಡಿಯೊ ಕೇಳುಗರ ಬಗ್ಗೆ ಪಿಎಚ್‌ಡಿ ಮಾಡುತ್ತಿರುವ ನನಗೆ ಆ ಪ್ರಶ್ನೆ ತಮಾಷೆಯದ್ದೆನಿಸುತ್ತಿಲ್ಲ.

ಜಾಲಹಳ್ಳಿ ಬರೀ ರೇಡಿಯೊ ಕೇಳಿದ ಊರಲ್ಲ. ಇಲ್ಲಿನ ಬಿಇಎಲ್ 1964ರಲ್ಲೇ ಆಕಾಶವಾಣಿಗೆ ಟ್ರಾನ್ಸ್‌ಮಿಟರ್ ತಯಾರಿಸಲು ತೊಡಗಿತ್ತು. ಆದರೆ ದೇಶದ ಮೊದಲ ಖಾಸಗಿ ಎಫ್‌ಎಂ ಆಗಿ 2001ರ ಜುಲೈ 3ರಂದು ಬೆಂಗಳೂರಿನಲ್ಲಿ ರೇಡಿಯೊ ಸಿಟಿ ಶುರುವಾದಾಗ, ಅದರಲ್ಲಿ ಹಿಂದಿ, ಇಂಗ್ಲಿಷ್ ಹಾಡುಗಳದೇ ಮೇಲುಗೈ. ಆಗಿನ ನೀತಿಯಲ್ಲಿ ಪರವಾನಗಿ ಶುಲ್ಕ ನಿಗದಿಯಾಗಿದ್ದು, ವರ್ಷಕ್ಕೆ ಶೇ. 15ರಷ್ಟು ಏರುತ್ತಿತ್ತು. ಖರ್ಚು ಹುಟ್ಟಬೇಕಾದದ್ದು ಜಾಹೀರಾತಿನಿಂದ. ಜಾಹೀರಾತಿನವರ ಕಣ್ಣಿದ್ದದ್ದು ಕೈಯಲ್ಲಿ ಕಾಸಿದ್ದ ಹೊಸ ನಗರದವರ ಮೇಲೆ. ಪಾಳಿ ಮುಗಿಸಿ ಬರುವ ಅಪ್ಪನಂಥವರು ಆ ಲೆಕ್ಕದಲ್ಲಿ ಇರಲಿಲ್ಲವೆಂದೇ ನನ್ನ ಅನಿಸಿಕೆ.

ಲೆಕ್ಕ ಬದಲಾದದ್ದು 2005ರಲ್ಲಿ. ಹೊಸ ನೀತಿ ನಿಗದಿತ ಶುಲ್ಕದ ಬದಲು ಆದಾಯದ ಶೇ. 4ರಷ್ಟು ಪಾಲನ್ನು ಆಧಾರವಾಗಿಟ್ಟಿತು. 2006ರಲ್ಲಿ ಮಿರ್ಚಿ, ಬಿಗ್, ಇಂಡಿಗೋ ಬಂದವು. ಸ್ಟೇಷನ್ನುಗಳು ಹೆಚ್ಚಾದಾಗ ಎಲ್ಲರಿಗೂ ಒಂದೇ ಕಿವಿ ಸಾಲದು. ಇಂಡಿಗೋ ಇಂಗ್ಲಿಷನ್ನು ಹಿಡಿಯಿತು. ಮಿರ್ಚಿ, ಬಿಗ್ ಕನ್ನಡಕ್ಕೆ ಬಂದವು. ಅದೇ ಡಿಸೆಂಬರಿನಲ್ಲಿ ತೆರೆಕಂಡ 'ಮುಂಗಾರು ಮಳೆ'ಯ ಹಾಡುಗಳು ಆಟೊ, ಅಂಗಡಿ, ಕಾಲೇಜು ಎಲ್ಲವನ್ನೂ ಆವರಿಸಿದವು. ಮುಂದೆ ರೇಡಿಯೊ ಸಿಟಿಯೂ ಕನ್ನಡದತ್ತ ಹೊರಳಿತು.

ಕೇಳುಗರು ಬಾನುಲಿಯ ದಿಕ್ಕು ತಿರುಗಿಸಿದ್ದು ಇದೇ ಮೊದಲಲ್ಲ. 1950ರ ದಶಕದಲ್ಲಿ ವಾರ್ತಾ ಸಚಿವ ಬಿ.ವಿ. ಕೇಸ್ಕರ್ ಅವರಿಗೆ ಸಿನಿಮಾ ಹಾಡು ಹಗುರವೆನಿಸಿತು. ಆಕಾಶವಾಣಿಯಿಂದ ಅದು ಹೊರಬಿತ್ತು. ಜನ ವಾದ ಮಾಡಲಿಲ್ಲ, ಮುಳ್ಳನ್ನು ರೇಡಿಯೊ ಸಿಲೋನಿನತ್ತ ತಿರುಗಿಸಿದರು. ಕೊನೆಗೆ 1957ರ ಅಕ್ಟೋಬರ್ 3ರಂದು ಸರ್ಕಾರವೇ ವಿವಿಧ ಭಾರತಿ ಆರಂಭಿಸಿತು. ಅಪ್ಪ 'ನಮ್ಮದು' ಎಂದುಕೊಂಡಿದ್ದ ಸ್ಟೇಷನ್ನು ಹುಟ್ಟಿದ್ದೂ ಹೀಗೆ, ಕೇಳುಗರು ಕೈತಪ್ಪಿದ ಮೇಲೆ.

ಹಾಗಂತ ಕನ್ನಡ ಗೆದ್ದಿತೆಂದು ಪ್ರಬಂಧ ಮುಗಿಸಲು ನನ್ನ ಕೈ ಬರುತ್ತಿಲ್ಲ. ಖಾಸಗಿ ಎಫ್‌ಎಂಗೆ ಕನ್ನಡ ಬಂದದ್ದು ಹೆಚ್ಚಾಗಿ ಸಿನಿಮಾ ಹಾಡಿನ ವೇಷದಲ್ಲಿ, ಅದರಲ್ಲೂ ಆಯಾ ಕಾಲದ ಹಿಟ್ ಹಾಡುಗಳಲ್ಲಿ. ಭಾವಗೀತೆ, ತತ್ವಪದ, ಜನಪದ, ಶಾಸ್ತ್ರೀಯ ಸಂಗೀತ ಆಕಾಶವಾಣಿಯ ಪಾಲಿಗೇ ಉಳಿದವು. ಯಾವ ಭಾಷೆ ಎಂಬುದನ್ನು ಕೇಳುಗರು ಬದಲಿಸಬಲ್ಲರು. ಆ ಭಾಷೆಯ ಎಷ್ಟು ಭಾಗ ಎಂಬುದನ್ನು ಈಗಲೂ ಮಾರುಕಟ್ಟೆಯೇ ಅಳೆಯುತ್ತಿದೆ.

ಅಪ್ಪ ಈಗ ನಿವೃತ್ತರು. ಮೊನ್ನೆ ಅವರೇ ಒಂದು ಖಾಸಗಿ ಸ್ಟೇಷನ್ ಹಚ್ಚಿ ಕೂತಿದ್ದರು. ಒಂದು ಗಂಟೆಯೊಳಗೆ ಅದೇ ಹಾಡು ಎರಡನೇ ಸಲ ಬಂದಾಗ ನಕ್ಕು ಮುಳ್ಳು ತಿರುಗಿಸಿದರು.

"ಊರೇನೋ ನಮ್ದೇ ಕಣಮ್ಮಾ, ಆದ್ರೆ ಒಂದೇ ಬೀದಿ ತೋರಿಸ್ತಾರೆ."