ಅರ್ಧ ಟನ್ನಿನ ಯಂತ್ರದಿಂದ ಕೈಗಡಿಯಾರದವರೆಗೆ: ಬೆಟ್ಟ ಅಳೆದವರು, ಎದೆಬಡಿತ ಎಣಿಸಿದವರು

ಸಂಸೆ ದಾಟಿ ಮುಳ್ಳೋಡಿಯಿಂದ ಕುದುರೆಮುಖ ಶಿಖರ ಹತ್ತುವ ಬೆಂಗಳೂರಿನ ಹುಡುಗರ ಕೈ ನೋಡಿ, ಬಹಳ ಜನರ ಕೈಯಲ್ಲಿ ಜಿಪಿಎಸ್ ವಾಚ್ ಇರುತ್ತದೆ. ಈಗ ಕಳಸ, ಮೂಡಿಗೆರೆ ಕಡೆಯ ನಮ್ಮ ಹುಡುಗರೂ, ಎಸ್ಟೇಟ್ ರೈಟರ್‌ಗಳೂ ಅದನ್ನು ಕಟ್ಟುತ್ತಿದ್ದಾರೆ. ಎಷ್ಟು ನಡೆದಿರಿ, ಎಷ್ಟು ಎತ್ತರ ಏರಿದಿರಿ, ನಿಮಿಷಕ್ಕೆ ಎದೆ ಎಷ್ಟು ಸಲ ಬಡಿಯಿತು, ಎಲ್ಲವನ್ನೂ ವಾಚ್ ಹೇಳುತ್ತದೆ. ಈ ಅಂಕಿಗಳ ಹಿಂದೆ ಇನ್ನೂರು ವರ್ಷಕ್ಕೂ ಹಳೆಯ ಕಥೆ ಇದೆ. ಅದರ ಒಂದು ಭಾಗ ನಡೆದದ್ದು ನಮ್ಮ ಬೆಟ್ಟಗಳ ಮೇಲೆಯೇ.

ಬೆಟ್ಟ ಅಳೆದ ಕಾಲ

ಕುದುರೆಮುಖ ಮೊದಲು ಉಪಯೋಗಕ್ಕೆ ಬಂದದ್ದು ಸಮುದ್ರದ ಮೇಲಿದ್ದವರಿಗೆ. ಅರಬ್ಬಿ ಸಮುದ್ರದ ಹಡಗಿನವರು ಕುದುರೆಯ ಮುಖದಂತೆ ಕಾಣುವ ಈ ಶಿಖರವನ್ನು ಗುರುತು ಇಟ್ಟುಕೊಂಡು ಕರಾವಳಿ ಎಲ್ಲಿದೆ ಎಂದು ತಿಳಿಯುತ್ತಿದ್ದರು.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದು ಟಿಪ್ಪು ಸುಲ್ತಾನ್ ಮಡಿದ ಮೇಲೆ ಬ್ರಿಟಿಷರಿಗೆ ನಕ್ಷೆ ಬೇಕಾಯಿತು. ಆ ಯುದ್ಧದಲ್ಲಿದ್ದ ವಿಲಿಯಂ ಲ್ಯಾಂಬ್ಟನ್ ಎಂಬ ಸೇನಾಧಿಕಾರಿ 1802ರ ಏಪ್ರಿಲ್‌ನಲ್ಲಿ ಮದ್ರಾಸಿನ ಸೇಂಟ್ ಥಾಮಸ್ ಮೌಂಟ್ ಹತ್ತಿರ ಉಕ್ಕಿನ ಸರಪಳಿ ಹಿಡಿದು ಸುಮಾರು 12 ಕಿಲೋಮೀಟರ್ ಗೆರೆ ಅಳೆದ. ಅಲ್ಲಿಂದ ಮುಂದಕ್ಕೆ ಸರಪಳಿ ಎಳೆಯುವ ಕೆಲಸ ಕಡಿಮೆ. ಗೆರೆಯ ಉದ್ದ ಗೊತ್ತಿದ್ದರೆ, ಅದರ ಎರಡು ತುದಿಯಲ್ಲಿ ನಿಂತು ದೂರದ ಬೆಟ್ಟದ ಕಡೆಗೆ ಕೋನ ಹಿಡಿದರೆ ಸಾಕು, ಬೆಟ್ಟ ಎಷ್ಟು ದೂರ ಎಂದು ಲೆಕ್ಕದಲ್ಲೇ ಸಿಗುತ್ತದೆ. ಹೀಗೆ ತ್ರಿಕೋನದ ಪಕ್ಕಕ್ಕೆ ತ್ರಿಕೋನ ಕಟ್ಟುತ್ತಾ ಅವನ ತಂಡ ಸಾವನದುರ್ಗ, ನಮ್ಮ ಬಲ್ಲಾಳರಾಯನದುರ್ಗಗಳ ಮೇಲೆ ನಿಂತು ಮಂಗಳೂರಿನ ತನಕ ಹೋಯಿತು.

ಕೋನ ಹಿಡಿಯುವ ಯಂತ್ರದ ಹೆಸರು ಥಿಯೋಡೊಲೈಟ್. ಲ್ಯಾಂಬ್ಟನ್ನನ ದೊಡ್ಡ ಥಿಯೋಡೊಲೈಟ್ ಸುಮಾರು ಅರ್ಧ ಟನ್ ತೂಕ. ರಸ್ತೆಯಿಲ್ಲದ ಬೆಟ್ಟಗಳಿಗೆ ಅದನ್ನು ಸಾಗಿಸಬೇಕಿತ್ತು. ಅಳೆದವನ ಹೆಸರು ಪುಸ್ತಕದಲ್ಲಿ ಉಳಿಯಿತು, ಹೊತ್ತವರದ್ದು ಉಳಿಯಲಿಲ್ಲ.

ಅಷ್ಟು ಕಷ್ಟಪಟ್ಟಿದ್ದಕ್ಕೆ ಏನು ಸಿಕ್ಕಿತು? ಮದ್ರಾಸಿನಿಂದ ಮಂಗಳೂರಿಗೆ 400 ಮೈಲಿ ಎಂದು ಹಳೆಯ ನಕ್ಷೆಗಳು ಹೇಳುತ್ತಿದ್ದವು. ಅಳೆದು ನೋಡಿದರೆ 360 ಮೈಲಿ! ನಕ್ಷೆಯಲ್ಲಿ 40 ಮೈಲಿ ಸುಳ್ಳು ನೆಲ ಇತ್ತು.

ಆಕಾಶದಿಂದ ಅಳತೆ

ಲ್ಯಾಂಬ್ಟನ್ ಕೋನ ಅಳೆದ, ವಾಚ್ ಸಮಯ ಅಳೆಯುತ್ತದೆ. ಸುಮಾರು 20,200 ಕಿಲೋಮೀಟರ್ ಮೇಲಿರುವ ಉಪಗ್ರಹದಿಂದ ಸಂಕೇತ ಬರಲು ಎಷ್ಟು ಹೊತ್ತು ಹಿಡಿಯಿತು ಎಂಬುದರಿಂದ ದೂರ ತಿಳಿಯುತ್ತದೆ. ಕನಿಷ್ಠ ನಾಲ್ಕು ಉಪಗ್ರಹ ಸಿಕ್ಕರೆ ನೀವು ಎಲ್ಲಿದ್ದೀರಿ ಎಂದು ವಾಚ್ ಹೇಳಬಲ್ಲದು. ಅಮೆರಿಕದ ಸೇನೆ ಮೊದಲ ಜಿಪಿಎಸ್ ಉಪಗ್ರಹ ಹಾರಿಸಿದ್ದು 1978ರಲ್ಲಿ. ಜನಸಾಮಾನ್ಯರಿಗೆ ಸಿಗುವ ಸಂಕೇತವನ್ನು ಬೇಕೆಂದೇ ಕೆಡಿಸಿ ಕೊಡುತ್ತಿದ್ದರು. 2000ದ ಮೇ ತಿಂಗಳಲ್ಲಿ ಅದನ್ನು ನಿಲ್ಲಿಸಿದರು. 2003ರಲ್ಲಿ ಗಾರ್ಮಿನ್ ಕಂಪನಿ ಓಟಗಾರರಿಗಾಗಿ ಫೋರ್‌ರನ್ನರ್ ಎಂಬ ಜಿಪಿಎಸ್ ವಾಚ್ ತಂದಿತು.

ನಮ್ಮ ಇಸ್ರೋ ಕೂಡ 2013ರಿಂದ 2016ರ ನಡುವೆ ಏಳು ಉಪಗ್ರಹ ಹಾರಿಸಿ ನಾವಿಕ್ ವ್ಯವಸ್ಥೆ ಕಟ್ಟಿತು. ಅವನ್ನು ನಿಯಂತ್ರಿಸುವ ಒಂದು ಕೇಂದ್ರ ಇರುವುದು ಪಕ್ಕದ ಹಾಸನದಲ್ಲಿ.

ಆದರೂ ನಮ್ಮ ಕಾಡು ವಾಚಿಗೆ ಸುಲಭವಲ್ಲ. ಶೋಲಾ ಕಾಡಿನೊಳಗೆ, ಆಳದ ಕಣಿವೆಯಲ್ಲಿ ಸಂಕೇತ ಮರಕ್ಕೆ, ಬಂಡೆಗೆ ಬಡಿದು ತಡವಾಗಿ ಬರುತ್ತದೆ. ನೇರ ನಡೆದವರ ದಾರಿ ಫೋನಿನಲ್ಲಿ ಅಂಕುಡೊಂಕಾಗಿ ಕಾಣುತ್ತದೆ. ಎತ್ತರಕ್ಕೆ ಹಲವು ವಾಚುಗಳು ಗಾಳಿಯ ಒತ್ತಡವನ್ನು ನಂಬುತ್ತವೆ. ಒತ್ತಡ ಒಂದು ಮಿಲಿಬಾರ್ ಇಳಿದರೆ ಸುಮಾರು 9 ಮೀಟರ್ ಏರಿದಿರಿ ಎಂದು ಲೆಕ್ಕ. ಮಳೆಗಾಲದಲ್ಲಿ ಹವಾಮಾನದಿಂದಲೇ ಒತ್ತಡ ಇಳಿದಾಗ, ಮನೆ ಜಗಲಿಯಲ್ಲಿ ಕೂತವರನ್ನೂ ಅದು ಬೆಟ್ಟ ಹತ್ತಿಸಿಬಿಡುತ್ತದೆ! ಕುದುರೆಮುಖದ ಎತ್ತರವೇ ಒಂದು ಕಡೆ 1,892 ಮೀಟರ್, ಇನ್ನೊಂದು ಕಡೆ 1,894 ಮೀಟರ್ ಎಂದಿದೆ. ಹಾಗಾಗಿ ಹತ್ತಿಪ್ಪತ್ತು ಮೀಟರ್ ವ್ಯತ್ಯಾಸಕ್ಕೆ ತಲೆ ಕೆಡಿಸಿಕೊಳ್ಳಬೇಡಿ.

ಎದೆಬಡಿತ ಎಣಿಸಿದ ಕಾಲ

ನಾಡಿ ಹಿಡಿದು ನೋಡುವುದು ನಮ್ಮ ಪಂಡಿತರಿಗೆ ಹೊಸದಲ್ಲ. ಆದರೆ ನಿಮಿಷಕ್ಕೆ ಇಷ್ಟು ಎಂದು ಎಣಿಸಲು ಸೆಕೆಂಡು ತೋರಿಸುವ ಗಡಿಯಾರ ಬೇಕು. ಇಂಗ್ಲೆಂಡಿನ ವೈದ್ಯ ಜಾನ್ ಫ್ಲಾಯರ್ ನಾಡಿ ಎಣಿಸಲೆಂದೇ ಒಂದು ನಿಮಿಷ ಓಡುವ ಗಡಿಯಾರ ಮಾಡಿಸಿ 1707ರಲ್ಲಿ ಅದರ ಬಗ್ಗೆ ಪುಸ್ತಕ ಬರೆದ.

ಇಸಿಜಿ ಬಂದದ್ದು ಇಪ್ಪತ್ತನೇ ಶತಮಾನದ ಆರಂಭದಲ್ಲಿ, ನೆದರ್‌ಲೆಂಡ್ಸ್‌ನ ವಿಲ್ಲೆಂ ಐಂತೋವನ್ ಅವರಿಂದ. ಅವರ ಯಂತ್ರದ ತೂಕ ಸುಮಾರು 270 ಕಿಲೋ. ರೋಗಿ ಎರಡೂ ಕೈ ಮತ್ತು ಒಂದು ಕಾಲನ್ನು ಉಪ್ಪುನೀರಿನ ಪಾತ್ರೆಗಳಲ್ಲಿ ಇಟ್ಟು ಕೂರಬೇಕಿತ್ತು. ಅಂಥ ಯಂತ್ರವನ್ನು ಆಸ್ಪತ್ರೆಗೆ ಸಾಗಿಸುವುದು ಹೇಗೆ? 1905ರಲ್ಲಿ ಅವರು ರೋಗಿಯನ್ನು ಆಸ್ಪತ್ರೆಯಲ್ಲೇ ಇಟ್ಟು, ಹೃದಯದ ಸಂಕೇತವನ್ನು ಟೆಲಿಫೋನ್ ತಂತಿಯಲ್ಲಿ ಒಂದೂವರೆ ಕಿಲೋಮೀಟರ್ ದೂರದ ತಮ್ಮ ಪ್ರಯೋಗಾಲಯಕ್ಕೆ ತರಿಸಿಕೊಂಡರು. ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ. 1924ರಲ್ಲಿ ಅವರಿಗೆ ನೊಬೆಲ್ ಬಂತು.

ಫಿನ್‌ಲೆಂಡಿನ ಪೋಲಾರ್ ಕಂಪನಿ 1982ರಲ್ಲಿ ಎದೆಗೆ ಪಟ್ಟಿ ಕಟ್ಟಿ, ತಂತಿಯಿಲ್ಲದೆ ಕೈಯಲ್ಲಿ ಬಡಿತ ನೋಡುವ ವಾಚನ್ನು ಮಾರುಕಟ್ಟೆಗೆ ತಂದಿತು. ಎದೆಪಟ್ಟಿ ಹಿಡಿಯುವುದು ಹೃದಯದ ವಿದ್ಯುತ್ತನ್ನು. ಈಗಿನ ವಾಚುಗಳು ಹಸಿರು ಬೆಳಕು ಬಿಡುತ್ತವೆ. ರಕ್ತ ಹಸಿರು ಬೆಳಕನ್ನು ಹೀರುತ್ತದೆ. ಪ್ರತಿ ಬಡಿತಕ್ಕೂ ಚರ್ಮದಡಿ ರಕ್ತ ಹೆಚ್ಚು ಕಡಿಮೆ ಆಗುವುದನ್ನು ನೋಡಿ ವಾಚ್ ಎಣಿಸುತ್ತದೆ.

ತೋಟದ ಕೆಲಸದಲ್ಲಿ ಎಡವುವುದು ಇಲ್ಲೇ. ಸುಮ್ಮನೆ ಕೂತಾಗ ಲೆಕ್ಕ ಹೆಚ್ಚುಕಡಿಮೆ ಸರಿ ಇರುತ್ತದೆ. ಗಿಡ ಕಸಿ ಮಾಡುವಾಗ, ಕಳೆ ಹೊಡೆಯುವ ಮೆಷಿನ್ ಹಿಡಿದಾಗ ಕೈಯ ಅಲುಗಾಟವನ್ನೇ ಅದು ಬಡಿತ ಎಂದು ಎಣಿಸಬಹುದು. ಚಳಿಗೆ ಕೈ ತಣ್ಣಗಾದರೂ, ಪಟ್ಟಿ ಸಡಿಲ ಇದ್ದರೂ ತಪ್ಪುತ್ತದೆ. ಮಣಿಕಟ್ಟಿನ ಮೂಳೆಯಿಂದ ಒಂದು ಬೆರಳು ಮೇಲೆ ಬಿಗಿಯಾಗಿ ಕಟ್ಟಿದರೆ ವಾಸಿ. ‘220ರಲ್ಲಿ ವಯಸ್ಸು ಕಳೆದರೆ ಗರಿಷ್ಠ ಬಡಿತ’ ಎಂಬ ಲೆಕ್ಕವೂ ಅಂದಾಜಿನದು. ನಲವತ್ತರವರಿಗೆ ಅದು 180 ಎನ್ನುತ್ತದೆ, ಆದರೆ ಮನುಷ್ಯರಿಂದ ಮನುಷ್ಯರಿಗೆ ಹತ್ತು ಹನ್ನೆರಡು ಹೆಚ್ಚುಕಡಿಮೆ ಆಗುವುದು ಸಾಮಾನ್ಯ.

ವಾಚ್ ಹೇಳದ ಮಾತು

2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ತೀರಿಕೊಂಡಾಗ ಜನ ಹೃದಯ ಪರೀಕ್ಷೆಗೆ ಆಸ್ಪತ್ರೆಗಳಿಗೆ ಮುಗಿಬಿದ್ದರು. 2025ರಲ್ಲಿ ಹಾಸನದ ಸಾವುಗಳ ಸುದ್ದಿ ಬಂದಾಗ ಮತ್ತೆ ಹಾಗೆಯೇ ಆಯಿತು. ಸರ್ಕಾರ ತಜ್ಞರ ಸಮಿತಿ ಮಾಡಿತು. ಸಾವುಗಳಲ್ಲಿ ಅಸಹಜ ಏರಿಕೆ ಇಲ್ಲ ಎಂದು ವರದಿ ಬಂತು. ಆದರೆ ಹೆದರಿಕೆ ಹೋಗಲಿಲ್ಲ. ಅಪ್ಪನಿಗೊಂದು ವಾಚ್ ತಂದುಕೊಟ್ಟರೆ ಸಾಕು ಎಂದುಕೊಂಡವರು ನಮ್ಮ ಕಡೆಯೂ ಇದ್ದಾರೆ.

ಅವರಿಗೆ ಹೇಳಬೇಕಾದ್ದು ಒಂದೇ. ಹಸಿರು ಬೆಳಕಿನ ವಾಚಿಗೆ ಹೃದಯಾಘಾತ ಗೊತ್ತಾಗುವುದಿಲ್ಲ. ರಕ್ತನಾಳ ಕಟ್ಟಿದಾಗಲೂ ಅದು 80 ಎಂದು ತೋರಿಸಬಹುದು. ಇಸಿಜಿ ಇರುವ ದುಬಾರಿ ವಾಚುಗಳೂ ಬಡಿತದ ಲಯ ತಪ್ಪಿದ್ದನ್ನು ಹಿಡಿಯುತ್ತವೆ, ಹೃದಯಾಘಾತವನ್ನಲ್ಲ. ಅದಕ್ಕೆ ಆಸ್ಪತ್ರೆಯ ಹನ್ನೆರಡು ಲೀಡಿನ ಇಸಿಜಿಯೇ ಬೇಕು.

ಕಳಸದಿಂದ ಮಂಗಳೂರಿಗೆ ಘಟ್ಟ ಇಳಿದು ಸುಮಾರು ನೂರು ಕಿಲೋಮೀಟರ್. ರೋಗಿಗಿಂತ ಮೊದಲು ಇಸಿಜಿ ಘಟ್ಟ ಇಳಿಯಬಾರದೇಕೆ? ಮಂಗಳೂರಿನ ಹೃದ್ರೋಗ ತಜ್ಞ ಡಾ. ಪದ್ಮನಾಭ ಕಾಮತ್ ಅವರ ‘ಕಾರ್ಡಿಯಾಲಜಿ ಅಟ್ ಡೋರ್‌ಸ್ಟೆಪ್’ ಮಾಡಿದ್ದು ಇದನ್ನೇ. ಗ್ರಾಮೀಣ ಆರೋಗ್ಯ ಕೇಂದ್ರಗಳಿಗೆ ಇಸಿಜಿ ಯಂತ್ರ ಕೊಡಿಸಿ, ಹಳ್ಳಿ ವೈದ್ಯರನ್ನು ವಾಟ್ಸಾಪ್ ಗುಂಪಿಗೆ ಸೇರಿಸಿದರು. ಇಲ್ಲಿ ತೆಗೆದ ಇಸಿಜಿಯನ್ನು ಅಲ್ಲಿ ತಜ್ಞರು ನೋಡಿ ಹೇಳುತ್ತಾರೆ. ಐಂತೋವನ್ 1905ರಲ್ಲಿ ತಂತಿಯಲ್ಲಿ ಮಾಡಿದ್ದು ಈಗ ಫೋನಿನಲ್ಲಿ ನಡೆಯುತ್ತಿದೆ. ಸರ್ಕಾರದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲೂ ತಾಲ್ಲೂಕು ಆಸ್ಪತ್ರೆಯ ಇಸಿಜಿಯನ್ನು ದೊಡ್ಡ ಆಸ್ಪತ್ರೆಯ ವೈದ್ಯರು ನೋಡಿ, ಬೇಕಿದ್ದರೆ ರಕ್ತದ ಗಡ್ಡೆ ಕರಗಿಸುವ ದುಬಾರಿ ಚುಚ್ಚುಮದ್ದನ್ನು ಉಚಿತವಾಗಿ ಅಲ್ಲೇ ಕೊಡಿಸುತ್ತಾರೆ.

ವಾಚ್ ಬೇಡ ಎನ್ನುತ್ತಿಲ್ಲ. ಬೆಳಿಗ್ಗೆ ಹಾಸಿಗೆಯಲ್ಲೇ ಬಡಿತ ನೋಡಿಕೊಳ್ಳಿ. ದೊಡ್ಡವರಲ್ಲಿ 60ರಿಂದ 100 ಸಾಮಾನ್ಯ. ದಿನವೂ ನೋಡಿದರೆ ನಿಮ್ಮ ಅಂಕಿ ನಿಮಗೆ ಗೊತ್ತಾಗುತ್ತದೆ, ಕಾರಣವಿಲ್ಲದೆ ಏರಿ ನಿಂತರೆ ವೈದ್ಯರಿಗೆ ತೋರಿಸಿ. ಆದರೆ ಎದೆ ಹಿಂಡಿದಂತಾಗಿ, ಬೆವರಿ, ನೋವು ತೋಳಿಗೋ ದವಡೆಗೋ ಹರಿದರೆ ವಾಚ್ ಏನು ತೋರಿಸುತ್ತಿದೆ ಎಂದು ನೋಡುತ್ತಾ ಕೂರಬೇಡಿ. ಹೆಂಗಸರಿಗೆ, ಸಕ್ಕರೆ ಕಾಯಿಲೆಯವರಿಗೆ ಬರೀ ಏದುಸಿರು, ಸುಸ್ತು ಮಾತ್ರ ಇರಬಹುದು. 108ಕ್ಕೆ ಫೋನ್ ಮಾಡಿ. ನಿಮ್ಮ ಹತ್ತಿರದ ಯಾವ ಆಸ್ಪತ್ರೆಯಲ್ಲಿ ಇಸಿಜಿ ಇದೆ, ರಾತ್ರಿ ತೆಗೆಯುವವರು ಇದ್ದಾರೆಯೇ, ಆ ಚುಚ್ಚುಮದ್ದು ಸಿಗುತ್ತದೆಯೇ ಎಂದು ಇವತ್ತೇ ವಿಚಾರಿಸಿ ಇಟ್ಟುಕೊಳ್ಳಿ. ಸಿಗದಿದ್ದರೆ ಗ್ರಾಮಸಭೆಯಲ್ಲಿ ಕೇಳಿ.